ಕೌದಿಯ ನಡುವಿನ ಜಾಗ

ಊಟವಾಗಿ ಎಲೆ ಎತ್ತುತ್ತಿದ್ದಂತೆಯೇ ತಿರುಮಲೇಶ ಭಾವ ನಡುಮನೆಯ ಜಮಖಾನೆ ಸರಿಸಿ, ಉದ್ದನೆಯ ಫ್ಲೆಕ್ಸ್ ಒಂದನ್ನು ನೆಲದ ಮೇಲೆ ಬಿಚ್ಚಿ ಹಾಸಿದರು. ಎರಡು ವರ್ಷದ ಕೆಲಸ ಅದು. ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು ಊರೂರು ತಿರುಗಿ, ಶ್ರಾದ್ಧದ ಪುಸ್ತಕ, ಹಳೆಯ ಕಾಗದ ಪತ್ರ ಎಲ್ಲ ಜಾಲಾಡಿ ತಯಾರಿಸಿದ ಮನೆತನದ ವಂಶಾವಳಿ. ಎಂಟು ತಲೆಮಾರು, ಇನ್ನೂರ ಹನ್ನೆರಡು ಹೆಸರು. ಮುಂದಿನ ಫೆಬ್ರವರಿಯಲ್ಲಿ ಜೆ.ಪಿ. ನಗರದ ಕಲ್ಯಾಣ ಮಂಟಪವೊಂದರಲ್ಲಿ ಇಡೀ ಕುಟುಂಬ ಸೇರುವುದಿತ್ತು. ಅವತ್ತು ಇದನ್ನು ವೇದಿಕೆಯ ಹಿಂದೆ ಕಟ್ಟಬೇಕೆಂಬುದು ಅವರ ಆಸೆ.

ಹನುಮಂತನಗರದ ಭಾವನ ಮನೆಯಲ್ಲಿ ಅಂದು ಸೇರಿದ್ದವರೆಲ್ಲ ಮಂಡಿಯೂರಿ ತಮ್ಮ ತಮ್ಮ ಹೆಸರು ಹುಡುಕತೊಡಗಿದರು. ಪಂಕಜಾಳೂ ಬಗ್ಗಿದಳು. ಭಾವನ ತಮ್ಮ, ತನ್ನ ಗಂಡ ವೆಂಕಟಾಚಲರ ಹೆಸರು ಸಿಕ್ಕಿತು, ಅದರ ಕೆಳಗೆ ಮಗನದು. ಭಾವನ ಮೂರು ವರ್ಷದ ಮೊಮ್ಮಗ ಚಿರಂತ್, ಇನ್ನೂ ತೊದಲು ಮಾತಾಡುವ ಪೋರ, ಕಟ್ಟಕಡೆಯ ಸಾಲಿನಲ್ಲಿ ದಪ್ಪಕ್ಷರದಲ್ಲಿದ್ದ. ಅವನಿಗಿಂತ ಹತ್ತು ವರ್ಷ ದೊಡ್ಡವಳಾದ ಅವನಕ್ಕ ಪ್ರಕೃತಿ ಎಲ್ಲೂ ಇರಲಿಲ್ಲ. ಪಂಕಜಾಳ ಬೆರಳು ಮಾವನವರ ಸಾಲಿಗೆ ಹೋಗಿ, ಅಲ್ಲಿ ಮೂವರು ಅಣ್ಣತಮ್ಮಂದಿರ ಹೆಸರಿನ ನಡುವೆ ಎರಡು ಸಲ ಓಡಾಡಿತು.

"ಭಾವ, ತುಂಗತ್ತೆ ಎಲ್ಲಿ?"

ತಿರುಮಲೇಶ ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿಕೊಂಡರು. "ಹೆಣ್ಮಕ್ಕಳನ್ನ ವಂಶಾವಳೀಲಿ ಹಾಕಲ್ಲಮ್ಮ. ಮದುವೆಯಾದ್ಮೇಲೆ ಗೋತ್ರ ಬದಲಾಗುತ್ತಲ್ಲ. ಅವರವರ ಗಂಡನ ಮನೆ ಪಟ್ಟೀಲಿ ಇರ್ತಾರೆ."

"ತುಂಗತ್ತೆಗೆ ಯಾವ ಗಂಡನ ಮನೆ ಭಾವ?"

ಭಾವನ ಹೆಂಡತಿ ಸುಭದ್ರಕ್ಕ, "ಯಾರಿಗಾದ್ರೂ ಇನ್ನೊಂದು ಲೋಟ ಮಜ್ಜಿಗೆ ಬೇಕಾ?" ಎಂದು ಎದ್ದುಹೋದರು.

ತುಂಗತ್ತೆ ಮಾವನವರ ಅಕ್ಕ. ಒಂಬತ್ತನೇ ವರ್ಷಕ್ಕೆ ಮದುವೆ, ಹನ್ನೊಂದಕ್ಕೆ ಗಂಡ ತೀರಿಕೊಂಡ. ಗಂಡನ ಮನೆಯವರು ಗಾಡಿ ಕಟ್ಟಿಸಿ ತವರಿಗೆ ಕಳಿಸಿದವರು ಮತ್ತೆ ವಿಚಾರಿಸಲಿಲ್ಲ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಅಡುಗೆಮನೆಯಲ್ಲಿ ಕೂರಿಸಿದರು. ಆಕೆಗೆ ನಲವತ್ತೊಂದಾದಾಗ ತಮ್ಮನ ಹೆಂಡತಿ ಭಾಗೀರಥಿ ನಾಲ್ಕು ಮಕ್ಕಳನ್ನು ಬಿಟ್ಟು ತೀರಿಕೊಂಡಳು. ಆ ನಾಲ್ವರನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದ್ದು ತುಂಗತ್ತೆ. ಹಿರಿಯ ತಿರುಮಲೇಶನಿಗೆ ಆಗ ಎಂಟು, ಕಿರಿಯ ವೆಂಕಟಾಚಲನಿಗೆ ಎರಡು.

ಪಂಕಜಾ ಮದುವೆಯಾಗಿ ಬಂದು ಆರು ವರ್ಷ ಆಕೆಯ ಜೊತೆ ಬಾಳಿದ್ದಳು. ಕೈಗೂಸು ಇಟ್ಟುಕೊಂಡು ಬಿ.ಎಡ್. ಓದುತ್ತೇನೆಂದಾಗ ಮನೆಮಂದಿಯೆಲ್ಲ ಮುಖ ಗಂಟು ಹಾಕಿಕೊಂಡಿದ್ದರು. ಒಲೆಯ ಮುಂದಿನಿಂದ ತುಂಗತ್ತೆ ಮಾತ್ರ, "ಕೂಸನ್ನ ನಾನು ನೋಡ್ಕೋತೀನಿ, ನೀನು ಹೋಗೇ" ಎಂದಿದ್ದರು. ಆ ಒಂದು ಮಾತಿನಿಂದ ಅವಳು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಈ ಮೇ ತಿಂಗಳಲ್ಲಷ್ಟೇ ಹಾರ ಹಾಕಿಸಿಕೊಂಡು ಮನೆಗೆ ಬಂದಿದ್ದಳು. ತುಂಗತ್ತೆ ಹೋಗಿಯೂ ಮೂವತ್ತು ವರ್ಷವಾಗಿತ್ತು. ಈಗ ನೋಡಿದರೆ ಹುಟ್ಟಿದ ಮನೆಯ ಪಟ್ಟಿಯಲ್ಲೂ ಇಲ್ಲ, ಸೇರಿದ ಮನೆಯ ಪಟ್ಟಿಯಲ್ಲೂ ಇಲ್ಲ.

ಬಸ್ಸಿನಲ್ಲಿ ಜಯನಗರಕ್ಕೆ ವಾಪಸು ಬರುವಾಗ ವೆಂಕಟಾಚಲ ಒಂದೆರಡು ಸಲ ಪಂಕಜಾಳ ಮುಖ ನೋಡಿ, "ಅಣ್ಣನ ಸ್ವಭಾವ ನಿಂಗೆ ಗೊತ್ತಿಲ್ವಾ" ಎಂದರು. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಮರುದಿನ ಬೆಳಿಗ್ಗೆ ಲಕ್ಕವ್ವ ಬಂದಳು. ಬಾದಾಮಿಯ ಕಡೆಯವಳು, ಮಗ ಮೌನೇಶ ಕಾಲ್ ಸೆಂಟರಿನ ಗಾಡಿ ಓಡಿಸುತ್ತಿದ್ದ, ಅವನ ಜೊತೆ ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿದ್ದಳು. ವೆಂಕಟಾಚಲರಿಗೆ ಸಕ್ಕರೆ ಕಾಯಿಲೆಯೆಂದು ಡಾಕ್ಟರು ಜೋಳದ ರೊಟ್ಟಿ ತಿನ್ನಲು ಹೇಳಿದ ಮೇಲೆ ವಾರಕ್ಕೆ ಮೂರು ದಿನ ರೊಟ್ಟಿ ತಂದುಕೊಡುತ್ತಿದ್ದಳು. ಬುಟ್ಟಿಗೆ ಯಾವಾಗಲೂ ದಪ್ಪನೆಯ ಬಟ್ಟೆಯೊಂದನ್ನು ಹೊದಿಸಿರುತ್ತಿದ್ದಳು. ಬಣ್ಣ ಬಣ್ಣದ ತುಂಡುಗಳನ್ನು ಸೇರಿಸಿ ಇರುವೆ ಸಾಲಿನಂಥ ಹೊಲಿಗೆ ಹಾಕಿದ್ದ ಬಟ್ಟೆ. ಎಷ್ಟೋ ಸಲ ಕಂಡದ್ದೇ ಆದರೂ ಪಂಕಜಾ ಅದನ್ನು ಕೈಗೆತ್ತಿಕೊಂಡದ್ದು ಅಂದೇ.

"ಇದೇನು ಲಕ್ಕವ್ವ, ನೀನೇ ಹೊಲಿದದ್ದಾ?"

"ಸಣ್ಣ ಕೌದಿ ರೀ ಅಕ್ಕಾರ. ಈ ಹಸರಂದು ನಮ್ಮತ್ತೀ ಸೀರಿ. ಈ ಪಟ್ಟಾಪಟ್ಟಿ ಐತಲ್ರಿ, ನಮ್ಮಪ್ಪನ ಅಂಗಿ, ಸಂತಿಗೆ ಹೋಗಾಗ ಹಾಕ್ಕೋತಿದ್ದ. ಇದು ನಮ್ಮವ್ವನ ಕುಬಸ. ಇದು ನನ್ನ ಹಿರೀ ಮಗಳು ನೀಲವ್ವಂದು, ಸಣ್ಣಾಕಿ ಇದ್ದಾಗ ತೀರ್ಕೊಂಡ್ಲು. ಹೆಸರು ಹೇಳಾಕ ಬ್ಯಾರೆ ಏನೂ ಉಳದಿಲ್ರಿ, ಇದೊಂದ ಐತಿ."

"ಓದು ಬರಹ ಬರುತ್ತಾ ನಿಂಗೆ?"

"ಎಲ್ಲೀದ್ರಿ! ಇದನ್ನ ಓದತೀನಿ ನೋಡ್ರಿ," ಎಂದು ಲಕ್ಕವ್ವ ಬಟ್ಟೆಯ ಮೇಲೆ ಕೈಯಾಡಿಸಿ ನಕ್ಕಳು.

ಪಂಕಜಾ ಅವಳನ್ನು ಕೂರಿಸಿ ಕಾಫಿ ಕೊಟ್ಟಳು. ಕಾಫಿ ಮುಗಿಯುವಷ್ಟರಲ್ಲಿ ಕೂಲಿಯ ಮಾತೂ ಮುಗಿದು, ಇಬ್ಬರ ನಡುವೆ ಒಂದು ಒಪ್ಪಂದವಾಗಿತ್ತು. ಮನೆತನದ ಹೆಂಗಸರದೆಲ್ಲ ಒಂದೊಂದು ಗೇಣು ಬಟ್ಟೆ ಸೇರಿಸಿ ಒಂದು ದೊಡ್ಡ ಕೌದಿ. ಒಂದೊಂದರ ಮೇಲೂ ಹೆಸರು. ಪಂಕಜಾ ಸೀಮೆಸುಣ್ಣದಲ್ಲಿ ಬರೆಯುವುದು, ಅದರ ಮೇಲೆ ಇಬ್ಬರೂ ದಾರ ಓಡಿಸುವುದು. ಫೆಬ್ರವರಿಯೊಳಗೆ ಮುಗಿಯಬೇಕು.

ಅಲ್ಲಿಂದ ಮುಂದೆ ಅವಳ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ಇನ್ನೂರು ಪುಟದ ನೋಟ್ ಬುಕ್ಕೊಂದನ್ನು ಚೀಲದಲ್ಲಿಟ್ಟುಕೊಂಡು ಗಿರಿನಗರ, ಬನಶಂಕರಿ, ಚಾಮರಾಜಪೇಟೆ ಎಂದು ಸುತ್ತಿದಳು. ದೂರದವರಿಗೆ ಕಾಗದ ಬರೆದಳು, ಫೋನು ಮಾಡಿದಳು. ಎಲ್ಲರೂ ಒಂದೇ ತರಹ ಇರಲಿಲ್ಲ. ಜೆ.ಪಿ. ನಗರದ ಹೊಸ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳು, "ಹಳೇ ಬಟ್ಟೇನ ಯಾರು ಇಟ್ಕೋತಾರೆ ಆಂಟಿ, ಅತ್ತೆ ಸೀರೇನೆಲ್ಲ ಸ್ಟೀಲ್ ಪಾತ್ರೆಯವಳಿಗೆ ಹಾಕ್ಬಿಟ್ವಿ" ಎಂದು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಳು. ಗಿರಿನಗರದ ವಿಶಾಲು ಮಾತ್ರ ಟ್ರಂಕು ತೆಗೆದವಳು ಮಧ್ಯಾಹ್ನದ ಊಟದವರೆಗೂ ಮುಚ್ಚಲಿಲ್ಲ. ಅವಳ ತಾಯಿ ಕಾವೇರಮ್ಮ ನಲವತ್ತೆರಡನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಕಟ್ಟಿದ್ದರಂತೆ. ಮಗಳದ್ದೂ ಅದೇ ವರ್ಷ, ಅದೇ ಕೊಠಡಿ. "ನಂಗೆ ನಾಚಿಕೆ ಆಗಿ ಅಮ್ಮನ್ನ ನೋಡದೆ ಇರೋ ಹಾಗೆ ಕೂತಿದ್ದೆ ಪಂಕಜಕ್ಕ. ರಿಸಲ್ಟು ಬಂದಾಗ ಅಮ್ಮಂಗೆ ನನಗಿಂತ ಜಾಸ್ತಿ ನಂಬರ್ರು!" ಎಂದು ವಿಶಾಲು ನಕ್ಕು ನಕ್ಕು ಅತ್ತಳು. ಪರೀಕ್ಷೆಗೆ ಉಟ್ಟುಹೋಗಿದ್ದ ನೀಲಿ ವಾಯಿಲ್ ಸೀರೆಯಿಂದಲೇ ತುಂಡು ಕತ್ತರಿಸಿ ಕೊಟ್ಟಳು.

ಚಾಮರಾಜಪೇಟೆಯ ಶೇಷಗಿರಿ, ತಿರುಮಲೇಶ ಭಾವನ ದೊಡ್ಡಪ್ಪನ ಮಗ, ಮನೆತನದ ಆಗುಹೋಗುಗಳಲ್ಲಿ ಮುಂದೆ ನಿಲ್ಲುವ ಹಿರಿಯ. ಅವರ ತಾಯಿ ನಾಗಲಕ್ಷ್ಮಮ್ಮ ನಂಟರ ಮನೆಗಳಲ್ಲಿ ಹದಿನೇಳು ಹೆರಿಗೆ ಮಾಡಿಸಿದ್ದವರು. ಅವರ ಹಸಿರು ಸೀರೆಯ ಸೆರಗನ್ನು ಸೊಸೆ, ಶೇಷಗಿರಿಯ ಹೆಂಡತಿ, ಯಾರಿಗೂ ಹೇಳದೆ ಕಳಿಸಿಕೊಟ್ಟರು. ಸುಭದ್ರಕ್ಕ ಕೂಡ ಅತ್ತೆ ಭಾಗೀರಥಿಯ ಧಾರೆ ಸೀರೆಯ ಜರಿ ಅಂಚು ಕೊಟ್ಟರು. ಪ್ರಕೃತಿ ತನ್ನ ಸ್ಕೂಲ್ ಯೂನಿಫಾರಂನ ಲಂಗದ ಚೌಕವನ್ನು ತಾನೇ ಕತ್ತರಿಸಿ, "ಅಜ್ಜಿ, ನನ್ನ ಹೆಸರು ಚಿರಂತ್‌ಗಿಂತ ದೊಡ್ಡದಾಗಿ ಬರೀಬೇಕು" ಎಂದು ತಾಕೀತು ಮಾಡಿ ಹೋದಳು.

ದೀಪಾವಳಿಯ ಹೊತ್ತಿಗೆ ನೂರ ಹದಿನೇಳು ಹೆಂಗಸರ ಹೆಸರು ಸಿಕ್ಕಿತು. ಬಟ್ಟೆ ಸಿಗದವರಿಗೆ ಬಿಳಿಯ ಮಲ್ಲು ಬಟ್ಟೆ ಹಾಕಿದರು. ಹಗಲೆಲ್ಲ ಹಾಲಿನ ನೆಲದ ಮೇಲೆ ಕೌದಿ ಹರಡಿರುತ್ತಿತ್ತು. ವೆಂಕಟಾಚಲ ಗೋಡೆ ಹಿಡಿದುಕೊಂಡು ಅಂಚಿನಲ್ಲೇ ನಡೆದು ಅಡುಗೆಮನೆಗೆ ಹೋಗುವುದನ್ನು ರೂಢಿ ಮಾಡಿಕೊಂಡರು. ಹೊಲಿಯುತ್ತಾ ಪಂಕಜಾ ನೋಟ್ ಬುಕ್ಕಿನಿಂದ ಒಬ್ಬೊಬ್ಬರ ಕತೆ ಓದಿ ಹೇಳುವಳು. ಲಕ್ಕವ್ವ ಸೂಜಿ ನಿಲ್ಲಿಸದೆ, "ಹಾಂ... ಮುಂದ?" ಎನ್ನುವಳು.

"ಕೌದಿ ಅಂಚಿನಿಂದ ಒಳಗ ಬರ್ತೈತ್ರಿ," ಎಂದು ಅವಳು ಮೊದಲೇ ಹೇಳಿದ್ದಳು. "ನಡುವಿಂದು ಕಡೀಕ."

ನಡುವಿನ ಚೌಕ ತುಂಗತ್ತೆಯದು ಎಂದು ಪಂಕಜಾ ಮೊದಲ ದಿನವೇ ನಿಶ್ಚಯಿಸಿದ್ದಳು. ಆದರೆ ಬಟ್ಟೆ? ಆಕೆ ತೀರಿಕೊಂಡಾಗ ಇದ್ದ ಎರಡು ಸೀರೆಗಳನ್ನೂ ಯಾರಿಗೋ ಕೊಟ್ಟರೆಂದೇ ಅವಳು ತಿಳಿದಿದ್ದಳು. ಬಿಳಿ ಬಟ್ಟೆ ಹಾಕೋಣವೇ ಎಂದು ಲಕ್ಕವ್ವ ಕೇಳಿದಾಗ ಪಂಕಜಾ ತಲೆಯಾಡಿಸಿದಳು. "ಬೇರೆಯವರಿಗೆ ಆಗುತ್ತೆ. ಅವರಿಗೆ ಅವರದೇ ಬೇಕು."

ಸಂಕ್ರಾಂತಿ ಕಳೆದ ವಾರ ಸುಭದ್ರಕ್ಕನ ಫೋನು ಬಂತು. ದನಿ ತಗ್ಗಿಸಿ ಹೇಳಿದರು: "ತುಂಗತ್ತೆ ಸೀರೆ ಒಂದು ಇವರ ಬೀರುವಿನಲ್ಲಿದೆ ಕಣೆ. ಸರ್ಟಿಫಿಕೇಟುಗಳನ್ನೆಲ್ಲ ಅದರಲ್ಲೇ ಸುತ್ತಿಟ್ಟಿದಾರೆ. ಮೂವತ್ತು ವರ್ಷದಿಂದ ಅದನ್ನ ನಂಗೂ ಮುಟ್ಟೋಕೆ ಬಿಟ್ಟಿಲ್ಲ. ನಾನು ಹೇಳ್ದೆ ಅಂತ ಹೇಳ್ಬೇಡ."

ಮಾರನೆಯ ಬೆಳಿಗ್ಗೆಯೇ ಪಂಕಜಾ ಹನುಮಂತನಗರಕ್ಕೆ ಹೋದಳು. ಭಾವ ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು.

"ಭಾವ, ತುಂಗತ್ತೆ ಸೀರೆ ಒಂದು ತುಂಡು ಬೇಕಿತ್ತು."

ಪೇಪರು ಕೆಳಗಿಳಿಯಿತು. "ಕತ್ತರಿ ಹಾಕ್ತೀಯಾ ಅದಕ್ಕೆ?"

"ಒಂದು ಗೇಣು ಸಾಕು."

"ಆಗಲ್ಲ." ಅವರ ದನಿ ಗಡುಸಾಯಿತು. "ಅವರ ಫೋಟೋ ಒಂದೂ ಇಲ್ಲ. ತಲೆ ಬೋಳಿಸಿದವರದ್ದು ಯಾರು ತೆಗೆಸ್ತಿದ್ರು ಆಗ? ನನ್ನ ಹತ್ರ ಇರೋದು ಅದೊಂದೇ. ಅದನ್ನ ತುಂಡು ಮಾಡೋಕೆ ನಾನು ಕೊಡಲ್ಲ."

ಪಂಕಜಾಳಿಗೆ ಕೋಪವೂ ಬಂತು, ಅಳುವೂ ಬಂತು. ಇಷ್ಟು ಪ್ರೀತಿ ಇಟ್ಟುಕೊಂಡವರು ಫ್ಲೆಕ್ಸಿನಲ್ಲಿ ಒಂದು ಸಾಲು ಕೊಡಲಿಲ್ಲವಲ್ಲ!

"ಹಾಗಾದ್ರೆ ಹೆಸರಾದ್ರೂ ಬರೀಬಹುದಿತ್ತಲ್ಲ ಭಾವ. ಹೆಸರಿಗೆ ಕತ್ತರಿ ಹಾಕ್ಬೇಕಾಗಿರಲಿಲ್ಲ."

ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಅವಳು ಭಾವನಿಗೆ ಇಷ್ಟು ಖಾರವಾಗಿ ಎದುರು ಮಾತಾಡಿದ್ದು ಅದೇ ಮೊದಲು. ಅವರು ಎದ್ದು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ಪಂಕಜಾ ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದಳು.

ಫೆಬ್ರವರಿ ಬಂತು. ಸಮಾವೇಶ ಭಾನುವಾರ. ಶನಿವಾರ ಹತ್ತು ಗಂಟೆಯ ಹೊತ್ತಿಗೆ ಕೌದಿಯೆಲ್ಲ ಮುಗಿದು, ನಡುವೆ ಒಂದು ಗೇಣು ಜಾಗ ಮಾತ್ರ ಖಾಲಿ ಉಳಿದಿತ್ತು. ಲಕ್ಕವ್ವ ಸೂಜಿ ಕೆಳಗಿಟ್ಟು ಕೂತಳು.

"ಹಿಂಗ ಬಾಯಿ ತಕ್ಕೊಂಡ ಕೌದೀನ ನಾ ಮಂದಿ ಮುಂದ ಹಾಸಂಗಿಲ್ರಿ ಅಕ್ಕಾರ."

"ಹಾಸೋದೇ. ಯಾಕೆ ಖಾಲಿ ಇದೆ ಅಂತ ಯಾರಾದ್ರೂ ಕೇಳಲಿ, ಹೇಳ್ತೀನಿ," ಎಂದಳು ಪಂಕಜಾ.

ಗೇಟಿನ ಮುಂದೆ ಆಟೋ ನಿಂತ ಸದ್ದಾಯಿತು. ತಿರುಮಲೇಶ ಒಬ್ಬರೇ ಬಂದರು, ಕಂಕುಳಲ್ಲಿ ಒಂದು ಖಾಕಿ ಕವರು. ಚಪ್ಪಲಿ ಬಿಟ್ಟು ಹಾಲಿಗೆ ಬಂದವರು ನೆಲ ನೋಡಿ ನಿಂತುಬಿಟ್ಟರು. ಆಮೇಲೆ ಕೌದಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಜರಿ ಅಂಚಿನ ಚೌಕದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, 'ಭಾಗೀರಥಿ' ಎಂಬ ಅಕ್ಷರಗಳ ಮೇಲೆ ಬೆರಳಿಟ್ಟರು. ತಾಯಿಯ ಹೆಸರನ್ನು ಅವರು ಕೊನೆಯ ಸಲ ಎಲ್ಲಿ ಬರೆದಿದ್ದರೋ! ಅವರ ವಂಶಾವಳಿಯಲ್ಲಿ ಅದೂ ಇರಲಿಲ್ಲ.

ಕವರಿನಿಂದ ಕೆಂಪು ಬಟ್ಟೆ ತೆಗೆದರು. ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

"ಸ್ಕೇಲು, ಪೆನ್ಸಿಲು ಕೊಡಮ್ಮ. ನಾನೇ ಕತ್ತರಿಸ್ತೀನಿ."

ನೆಲದ ಮೇಲೆ ಬಟ್ಟೆ ಹರಡಿ, ನಾಲ್ಕೂ ಕಡೆ ಅಳೆದು, ಗೆರೆ ಎಳೆದು, ನಕ್ಷೆ ಬರೆಯುವವರ ಹಾಗೆ ಕಣ್ಣು ಕಿರಿದು ಮಾಡಿ ನೋಡಿ ಕತ್ತರಿ ಹಾಕಿದರು. ಗೆರೆ ತಪ್ಪಲಿಲ್ಲ. ತುಂಡನ್ನು ಲಕ್ಕವ್ವನ ಕೈಗಿತ್ತರು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ನಡುವೆ ಇಟ್ಟಳು. 'ತುಂಗಮ್ಮ' ಎಂದು ಪಂಕಜಾ ಬರೆದಾಗ ಭಾವ ತಡೆದರು.

"ತುಂಗತ್ತೆ ಅಂತ ಬರಿ. ತುಂಗಮ್ಮ ಅಂದ್ರೆ ಯಾರಿಗೆ ಗೊತ್ತಾಗುತ್ತೆ?"

ಭಾನುವಾರ ಮಂಟಪದಲ್ಲಿ ಇನ್ನೂರೈವತ್ತು ಜನ. ವೇದಿಕೆಯ ಹಿಂದೆ ಫ್ಲೆಕ್ಸ್, ವೇದಿಕೆಯ ಮುಂದೆ ಊಟದ ಮೇಜುಗಳನ್ನು ಜೋಡಿಸಿ ಅದರ ಮೇಲೆ ಕೌದಿ. ಮೊದಲು ನಾಲ್ಕೈದು ಜನ ಬಂದು ನೋಡಿದರು. ಆಮೇಲೆ ಒಬ್ಬಳು, "ಅಯ್ಯೋ, ಇದು ನಮ್ಮಮ್ಮನ ಸೀರೆ ಕಣ್ರೇ!" ಎಂದು ಕೂಗಿದ್ದೇ ತಡ, ಕುರ್ಚಿಗಳೆಲ್ಲ ಖಾಲಿಯಾದವು. ನೂಕುನುಗ್ಗಲಲ್ಲಿ ಪಂಕಜಾ ಒಂದು ತುದಿಗೆ ಸಿಕ್ಕಿಹಾಕಿಕೊಂಡಳು. ಇನ್ನೊಂದು ತುದಿಯಲ್ಲಿದ್ದವರು ಲಕ್ಕವ್ವನನ್ನೇ ಕೇಳತೊಡಗಿದರು. ಒಂದಕ್ಷರ ಓದಲು ಬಾರದ ಲಕ್ಕವ್ವ ಆ ಮನೆತನದವರಿಗೇ ಅವರ ಮನೆತನದ ಕತೆ ಹೇಳುತ್ತಿದ್ದಳು: "ಇದು ಗಿರಿನಗರದ ಅಕ್ಕಾರ ತಾಯೀದ್ರಿ. ಮಗಳ ಕೂಡ ಪರೀಕ್ಷಾ ಬರದು ಮಗಳನ್ನ ಹಿಂದ ಹಾಕಿದ್ಲು. ಈ ಹಸರು ಸೀರಿ ಐತಲ್ರಿ, ಹದಿನೇಳು ಕೂಸು ಎತ್ತಿದ ಕೈ ಇವರದು. ಅದರಾಗ ನಿಮ್ಮಲ್ಲೇ ಎಷ್ಟು ಮಂದಿ ಇದ್ದೀರೋ ಏನೋ!" ಬೋಳುತಲೆಯ ಇಬ್ಬರು ಮುದುಕರು ಹೌದೆಂದು ಕೈಯೆತ್ತಿದಾಗ ಮಂಟಪವೆಲ್ಲ ನಕ್ಕಿತು.

ಅಷ್ಟರಲ್ಲಿ ಶೇಷಗಿರಿಯ ಕಣ್ಣು ನಡುವಿನ ಚೌಕದ ಮೇಲೆ ಬಿತ್ತು.

"ಏನಿದು? ಮಡಿ ಹೆಂಗಸಿನ ಸೀರೆ! ಶುಭಕಾರ್ಯದಲ್ಲಿ, ಅದೂ ನಟ್ಟನಡುವೆ! ಯಾರಿಗೂ ಬುದ್ಧಿ ಇಲ್ವಾ? ಮೊದಲು ತೆಗೀರಿ ಅದನ್ನ."

ಪಂಕಜಾ ಉತ್ತರ ಕೊಡಲು ಬಾಯಿ ತೆರೆದಳು. ಅದಕ್ಕೆ ಮೊದಲೇ ವೇದಿಕೆಯ ಮೈಕು ಗೊರಗೊರ ಎಂದಿತು. ತಿರುಮಲೇಶ ನಿಂತಿದ್ದರು.

"ಶೇಷು, ಒಂದು ನಿಮಿಷ ಕೇಳು. ನಾನು ಬಿ.ಇ. ಪರೀಕ್ಷೆಗೆ ಹೋಗೋ ದಿನಗಳಲ್ಲಿ ತುಂಗತ್ತೆ ನನ್ನೆದುರು ಬರ್ತಾ ಇರಲಿಲ್ಲ. ಅವರ ಮುಖ ನೋಡಿದ್ರೆ ಕೆಲಸ ಕೆಡುತ್ತೆ ಅಂತ ನೀವೆಲ್ಲ ಹೇಳಿ ಹೇಳಿ ಅವರೂ ನಂಬಿಬಿಟ್ಟಿದ್ರು. ಹಿತ್ತಲಲ್ಲಿ ಹೋಗಿ ನಿಂತ್ಕೊಳ್ಳೋರು. ನಾನು ಪ್ರತಿ ದಿನಾನೂ ಮುಂಬಾಗಿಲು ಬಿಟ್ಟು ಹಿತ್ತಲಿಂದಾನೇ ಹೋದೆ. ಅವರ ಮುಖ ನೋಡ್ಕೊಂಡೇ ಹೋದೆ. ಫಸ್ಟ್ ಕ್ಲಾಸ್ ಬಂತು."

ಅವರು ಬೆನ್ನ ಹಿಂದಿನ ಫ್ಲೆಕ್ಸಿನ ಕಡೆ ತಿರುಗಿದರು.

"ಆದ್ರೂ ಇದರಲ್ಲಿ ಅವರ ಹೆಸರು ಬರೀಲಿಲ್ಲ ನಾನು. ನಮ್ಮಮ್ಮನ ಹೆಸರೂ ಬರೀಲಿಲ್ಲ. ಎರಡು ವರ್ಷ ಕೂತು ಅರ್ಧ ಮನೆಗೆ ನಕ್ಷೆ ಬರೆದಿದೀನಿ. ಮಿಕ್ಕರ್ಧ ಅಲ್ಲಿ ಮೇಜಿನ ಮೇಲಿದೆ. ಅದನ್ನ ಮಾಡಿದ್ದು ನಮ್ಮ ಪಂಕಜಾ, ಮತ್ತೆ ಲಕ್ಕವ್ವ. ಯುಗಾದಿಯೊಳಗೆ ಎಲ್ಲರ ಹೆಸರನ್ನೂ ಸೇರಿಸಿ ಬೇರೆ ಮಾಡಿಸ್ತೀನಿ. ಆ ಕೆಂಪು ಸೀರೆ ಇದ್ದಲ್ಲೇ ಇರುತ್ತೆ."

ಮೊದಲು ಚಪ್ಪಾಳೆ ತಟ್ಟಿದ್ದು ವೆಂಕಟಾಚಲ. ಪಂಕಜಾ ಆಶ್ಚರ್ಯದಿಂದ ತಿರುಗಿ ನೋಡಿದಳು. ಅಣ್ಣನ ಮುಂದೆ ಎಂದೂ ದನಿಯೆತ್ತದ ಮನುಷ್ಯ ಎರಡು ಕೈಯನ್ನೂ ತಲೆಯ ಮೇಲೆತ್ತಿ ತಟ್ಟುತ್ತಿದ್ದರು, ಕಣ್ಣಲ್ಲಿ ಧಾರೆ. ಆಮೇಲೆ ಇಡೀ ಮಂಟಪವೇ ತಟ್ಟಿತು. ಶೇಷಗಿರಿ ಗೊಣಗುತ್ತಾ ಊಟದ ಹಾಲಿನ ಕಡೆ ಹೊರಟರು. ಅವರ ಹೆಂಡತಿ ಹೋಗಲಿಲ್ಲ. ಅತ್ತೆಯ ಹಸಿರು ಚೌಕದ ಪಕ್ಕ ಸೆರಗು ಸಿಕ್ಕಿಸಿಕೊಂಡು ನಿಂತು, ಬಂದವರಿಗೆಲ್ಲ ಹದಿನೇಳು ಹೆರಿಗೆಯ ಕತೆಯನ್ನು ಲಕ್ಕವ್ವನಿಗಿಂತ ಜೋರಾಗಿ ಹೇಳತೊಡಗಿದರು.

ಸುಭದ್ರಕ್ಕ ಲಕ್ಕವ್ವನಿಗೆ ಅರಿಶಿನ ಕುಂಕುಮ ಕೊಟ್ಟು, ಎಲ್ಲರೆದುರು ಮಡಿಲು ತುಂಬಿದರು. ಸ್ಟೀಲ್ ಪಾತ್ರೆಯವಳಿಗೆ ಸೀರೆ ಹಾಕಿದ್ದ ಜೆ.ಪಿ. ನಗರದವಳು ಪಂಕಜಾಳ ತೋಳು ಹಿಡಿದು, "ಆಂಟಿ, ಒಂದು ಬ್ಲೌಸ್ ಸಿಕ್ಕಿದೆ. ಈಗ ಸೇರಿಸೋಕೆ ಆಗಲ್ವಾ?" ಎಂದು ಗೋಗರೆದಳು. ಪಂಕಜಾ ನಗುತ್ತಾ ಲಕ್ಕವ್ವನ ಕಡೆ ನೋಡಿದಳು.

"ಅಂಚಿಗೆ ಇನ್ನೊಂದು ಸುತ್ತು ಹಾಕಿದ್ರಾತು ತಗೋರಿ," ಎಂದಳು ಲಕ್ಕವ್ವ. "ಕೌದಿ ಎಷ್ಟ ಬೇಕಾದ್ರೂ ಬೆಳೀತೈತಿ."

ನಾಲ್ಕು ಗಂಟೆಗೆ ಮಂಟಪದ ಮ್ಯಾನೇಜರು ಬಂದು ಅವಸರ ಮಾಡತೊಡಗಿದ. "ಅಮ್ಮಾ, ಸಂಜೆ ವರಪೂಜೆಯವರು ಬಂದ್ಬಿಟ್ರು, ಹಾಲ್ ಬಿಡಿ." ಕೌದಿಯನ್ನು ಮಡಿಸಲು ನೋಡಿದರು, ಅಷ್ಟು ದಪ್ಪದ್ದು ಮಡಿಕೆಗೆ ಬಗ್ಗಲಿಲ್ಲ. ಕೊನೆಗೆ ಹದಿನಾರು ಹೆಂಗಸರು ನಾಲ್ಕೂ ಅಂಚಿಗೆ ಕೈ ಹಚ್ಚಿ ಹಾಗೆಯೇ ಎತ್ತಿಕೊಂಡರು. ಮುಂದೆ ಪಂಕಜಾ ಮತ್ತು ಲಕ್ಕವ್ವ, ಬದಿಯಲ್ಲಿ ವಿಶಾಲು, ಪ್ರಕೃತಿ, ಶೇಷಗಿರಿಯ ಹೆಂಡತಿ. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, "ಮೆಟ್ಟಿಲು, ಮೆಟ್ಟಿಲು, ನಿಧಾನ" ಎಂದು ಒಬ್ಬರಿಗೊಬ್ಬರು ಕೂಗಿಕೊಳ್ಳುತ್ತಾ ಅವರು ಮಂಟಪದ ಬಾಗಿಲು ದಾಟಿದರು.

ಹೊರಗೆ ಗಂಡಿನ ಕಡೆಯವರಿಗಾಗಿ ಕಾದು ನಿಂತಿದ್ದ ಓಲಗದವರು ಈ ಮೆರವಣಿಗೆಯನ್ನು ನೋಡಿ, ಅವರನ್ನು ಎದುರುಗೊಳ್ಳಲು ಹೊರಟ ಹೆಣ್ಣಿನ ಕಡೆಯವರೇ ಇರಬೇಕೆಂದು ಡೋಲಿಗೆ ಪೆಟ್ಟು ಕೊಟ್ಟು ಊದಲು ಶುರು ಮಾಡಿದರು. ಮ್ಯಾನೇಜರು ಕೈ ಬೀಸಿ ನಿಲ್ಲಿಸಲು ಓಡಿದ. ತಿರುಮಲೇಶ ಅವನ ಹೆಗಲ ಮೇಲೆ ಕೈಯಿಟ್ಟು ತಡೆದರು.

"ಊದಲಿ ಬಿಡಪ್ಪಾ," ಎಂದರು.